ಸದ್ದು ಮಾಡದ ಗಾಡಿಯೊಳಗೆ ಕೂತು

ಮನೆಗೆ ಹೊಸದಾಗಿ ಏನು ಬಂದರೂ ಮೊದಲು ಅದರ ಸದ್ದಿಗೆ ಹೊಂದಿಕೊಳ್ಳಬೇಕಾಗುತ್ತದೆ ಎಂಬುದು ನನ್ನ ಅನುಭವ. ಮಿಕ್ಸಿ ಬಂದ ಹೊಸತರಲ್ಲಿ ನಾನು ಒಂದು ಕೈಯಿಂದ ಅದರ ಮುಚ್ಚಳ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಕಿವಿ ಮುಚ್ಚಿಕೊಂಡು, ಶಿವಶಿವಾ ಎನ್ನುತ್ತ ಚಟ್ನಿ ರುಬ್ಬುತ್ತಿದ್ದೆ. ನಾನೇ ಈ ಮನೆತನಕ್ಕೆ ಸೊಸೆಯಾಗಿ ಬಂದಾಗ ನನ್ನ ಕಾಲ್ಗೆಜ್ಜೆಯ ಸದ್ದಿಗೆ ನಮ್ಮತ್ತೆಗೆ ನಿದ್ದೆ ಬರುತ್ತಿರಲಿಲ್ಲವಂತೆ. ಆಮೇಲೆ ಅವರು ಗೆಜ್ಜೆಗೆ ಹೊಂದಿಕೊಂಡರು, ನಾನು ಅವರ ಗೊರಕೆಗೆ ಹೊಂದಿಕೊಂಡೆ, ಸಂಸಾರ ನಡೆಯಿತು. ಆದರೆ ಸದ್ದೇ ಮಾಡದ ವಸ್ತುವೊಂದು ಮನೆಗೆ ಬಂದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮನೆಗೆ ಅಂಥದೊಂದು ಬಂತು. ಪೆಟ್ರೋಲು, ಕರೆಂಟು ಎರಡೂ ಸೇರಿ ಓಡಿಸುವ ಉದ್ದನೆಯ ಬಿಳಿ ಕಾರು. ಅದಕ್ಕೆ ಹೈಬ್ರಿಡ್ ಎನ್ನುತ್ತಾರಂತೆ. ನಮ್ಮ ಕಡೆ ಹೈಬ್ರಿಡ್ ಎಂದರೆ ಜೋಳ. ರೊಟ್ಟಿ ಬೆಳ್ಳಗೆ ಕಾಣುತ್ತದೆ, ರುಚಿ ಇರುವುದಿಲ್ಲ. ಹೆಸರು ಕೇಳಿದಾಗಲೇ ನನಗೆ ಅಷ್ಟು ನಂಬಿಕೆ ಹುಟ್ಟಲಿಲ್ಲ.

ನಮ್ಮ ಯಜಮಾನರು ಸಂಡೂರಿನ ಗುಡ್ಡದಲ್ಲಿ ಅದಿರಿನ ಕಲ್ಲು ಒಡೆಯುವ ಕ್ರಷರಿನ ಪಕ್ಕ ನಿಂತು ಅರ್ಧ ಆಯುಷ್ಯ ಕಳೆದವರು. ಅಲ್ಲಿ ಮೇಸ್ತ್ರಿಯಾಗಿದ್ದರು. ಆಗೆಲ್ಲ ಆ ಕೆಂಪು ಮಣ್ಣನ್ನು ಕೇಳುವವರು ಕಡಿಮೆ. ಆಮೇಲೆ ಏನಾಯಿತೋ, ಸಮುದ್ರದ ಆಚೆಯವರಿಗೆ ಅದರ ಮೇಲೆ ಆಸೆ ಹುಟ್ಟಿತು. ನಮ್ಮ ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳು ಒಂದರ ಬಾಲ ಒಂದು ಹಿಡಿದು ನಿಂತವು. ನಿನ್ನೆ ಸೈಕಲ್ ತುಳಿಯುತ್ತಿದ್ದವರು ಇಂದು ಕರಿ ಗಾಜಿನ ಕಾರಿನಿಂದ ಇಳಿದರು. ಮದುವೆಮನೆಗಳಲ್ಲಿ ಹೆಂಗಸರು ಸೀರೆಯ ಮಾತು ಬಿಟ್ಟು ಯಾರ ಮನೆಗೆ ಯಾವ ಗಾಡಿ ಬಂತು ಎಂದು ಮಾತಾಡತೊಡಗಿದರು. ನಮ್ಮ ಮನೆಯಲ್ಲಿ ಮಾತ್ರ ಹಳೆಯ ಡೀಸೆಲ್ ಜೀಪೇ ಇತ್ತು. ಅದು ಓಣಿಯ ಆ ತುದಿಗೆ ಬಂದಾಗ ನಮ್ಮ ಅಡುಗೆಮನೆಯ ತಾಟುಗಳು ನಡುಗುತ್ತಿದ್ದವು, ನಾನು ರೊಟ್ಟಿಗೆ ಹೆಂಚು ಇಡುತ್ತಿದ್ದೆ. ಅದರೊಳಗೆ ಕೂತರೆ ಉಪ್ಪು ಮುಗಿದಿದೆ ಎಂಬ ಮಾತನ್ನೂ ಕಿರುಚಿಯೇ ಹೇಳಬೇಕು. ದಾರಿಯಲ್ಲಿ ಹೋಗುವವರು ಗಂಡಹೆಂಡತಿ ಬಡಿದಾಡುತ್ತಿದ್ದಾರೆಂದು ತಿರುಗಿ ನೋಡುತ್ತಿದ್ದರು. ಇಷ್ಟು ವರ್ಷ ನಾವು ಬಡಿದಾಡಿದ್ದೇ ಇಲ್ಲ. ಹಾಗೆ ನೋಡಿದರೆ ಮನೆಯಲ್ಲಿ ಅವರು ಮಾತಾಡುವುದೇ ಕಡಿಮೆ. ನಾನು ಏನು ಹೇಳಿದರೂ “ಹೂಂ” ಎನ್ನುತ್ತಾರೆ. ನಮ್ಮ ಸಂಸಾರದ ಅರ್ಧ ಮಾತು ಆ ಹೂಂಕಾರದಲ್ಲೇ ಮುಗಿದುಹೋಗಿದೆ. ಎದುರುತ್ತರ ಕೊಡದ ಗಂಡ ಸಿಕ್ಕದ್ದು ಶಿವನ ಕೃಪೆ ಎಂದು ಲಿಂಗಪೂಜೆಯ ಹೊತ್ತಿನಲ್ಲಿ ಎಷ್ಟೋ ಸಲ ನೆನೆದುಕೊಂಡಿದ್ದೇನೆ.

ಹೊಸ ಕಾರು ಬಂದ ದಿನ ಓಣಿಯೆಲ್ಲ ಸುತ್ತ ನಿಂತಿತ್ತು. ಎದುರುಮನೆಯ ಈರಮ್ಮ ಕಾರಿನ ಹಿಂದೆ ಮುಂದೆ ಬಗ್ಗಿ ಹುಡುಕಿದಳು.

“ಅಲ್ರಬೇ, ಕರೆಂಟಿನ ಗಾಡಿ ಅಂತೀರಿ, ಇದನ್ನ ಎಲ್ಲಿ ಚುಚ್ಚಬೇಕು? ವೈರ್ ಎಲ್ಲೈತಿ? ದಿನಾ ಕರೆಂಟ್ ಹೋಗತೈತಿ, ನಡುರಸ್ತ್ಯಾಗ ನಿಂತಬಿಟ್ರ ಏನ್ ಮಾಡ್ತೀರಿ?”

ಯಜಮಾನರು ಉತ್ಸಾಹದಿಂದ ಅವಳಿಗೆ ವಿವರಿಸಿದರು. ಚುಚ್ಚುವುದು ಬೇಕಿಲ್ಲವಂತೆ, ಬ್ರೇಕು ಹಾಕಿದಾಗ ತನಗೆ ಬೇಕಾದ ಕರೆಂಟನ್ನು ಅದೇ ಮಾಡಿಕೊಳ್ಳುತ್ತದಂತೆ.

“ಬ್ರೇಕ್ ಹಾಕಿದ್ರ ಕರೆಂಟ್ ಬರತೈತೇನ್ರಿ? ಹಂಗಾದ್ರ ನಮ್ಮ ಮನಿಯವ್ರನ್ನ ಕೂಡ್ಸಿರಿ. ನಾ ಯಾವ ಕೆಲಸಕ್ಕ ಹೊಂಟ್ರೂ ಬ್ರೇಕ್ ಹಾಕತಾರ. ಓಣಿಗೆಲ್ಲಾ ಲೈಟ್ ಹತ್ತತಾವ!” ಎಂದಳು ಈರಮ್ಮ. ಅವಳ ಗಂಡನೂ ಅಲ್ಲೇ ನಿಂತಿದ್ದ, ಪಾಪ.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಸೀಟು ಮೆತ್ತಗಿದೆ, ಸೊಂಟಕ್ಕೆ ಹಿತ. ಆದರೆ ಗಾಡಿ ನೆಲಕ್ಕೆ ಎಷ್ಟು ಹತ್ತಿರವೆಂದರೆ, ಜೀಪಿಗೆ ಹತ್ತಿ ಕೂತು ರೂಢಿಯಾದ ನಾನು ಇದರೊಳಗೆ ಇಳಿದು ಕೂರಬೇಕು. ಅದಿರಿನ ಲಾರಿಗಳು ಅಗೆದು ಹಾಕಿದ ರಸ್ತೆಯಲ್ಲಿ ಅದರ ಹೊಟ್ಟೆ ಉಜ್ಜಿದಾಗಲೆಲ್ಲ ಯಜಮಾನರು ತಮ್ಮ ಹೊಟ್ಟೆಯನ್ನೇ ಹಿಡಿದುಕೊಳ್ಳುತ್ತಾರೆ. ಡಿಕ್ಕಿಯ ಅರ್ಧ ಜಾಗ ಬ್ಯಾಟರಿಯದು, ಕಂಪ್ಲಿಯಿಂದ ಅಕ್ಕಿಯ ಚೀಲ ತಂದರೆ ಹಿಂದಿನ ಸೀಟಿನಲ್ಲಿ ಬೀಗರ ಹಾಗೆ ಕೂಡಿಸಿಕೊಂಡು ಬರಬೇಕು. ಬಿಳಿ ಬಣ್ಣವಂತೂ ವಾರದೊಳಗೆ ನಮ್ಮೂರಿನ ಕೆಂಪು ಧೂಳು ಕುಡಿದು ಗುಲಾಬಿಯಾಯಿತು. ಎಲ್ಲಕ್ಕಿಂತ ವಿಚಿತ್ರವೆಂದರೆ, ಗಾಡಿ ನಿಂತಿತೆಂದರೆ ಎಂಜಿನ್ನು ತನ್ನಷ್ಟಕ್ಕೆ ತಾನೇ ಆರಿಬಿಡುತ್ತದೆ. ಮತ್ತೆ ಬ್ರೇಕಿನಿಂದ ಕಾಲು ತೆಗೆದರೆ ತಾನೇ ಎಚ್ಚರವಾಗುತ್ತದೆ. ನಿಂತಾಗ ಎಂಥ ನಿಶ್ಶಬ್ದವೆಂದರೆ ನನ್ನ ಬಳೆಯ ಸದ್ದು ನನಗೇ ದೊಡ್ಡದಾಗಿ ಕೇಳುತ್ತದೆ.

ಪೂಜೆ ಮಾಡಿಸಲು ಹಂಪಿಗೆ ಹೋದೆವು. ಅಯ್ಯನೋರು ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಕೈ ಬೀಸಿ, ಗಂಟಲು ಹರಿಯುವ ಹಾಗೆ “ಚಾಲೂ ಮಾಡ್ರಿ!” ಎಂದು ಕೂಗಿದರು. “ಚಾಲೂನ ಐತ್ರಿ” ಎಂದರು ಇವರು. “ಸದ್ದ ಇಲ್ಲಲ್ರೀ?” “ಅದರ ಗುಣಾನ ಹಂಗ್ರಿ.” ನಂಬಿಕೆಯಾಗದೆ ಅಯ್ಯನೋರು ಮುಂದಿನ ಗಾಲಿಯ ಹತ್ತಿರ ಕಿವಿಯಿಟ್ಟು ಬಗ್ಗಿದ್ದೂ, ಇವರು ಬ್ರೇಕಿನಿಂದ ಕಾಲು ತೆಗೆದದ್ದೂ ಒಟ್ಟಿಗೇ ಆಯಿತು. ನಿಂಬೆಯ ರಸ ಚಿಮ್ಮಿ ಅವರ ಕಣ್ಣಿಗೆ ಹಾರಿತು. ಒಂದು ಕಣ್ಣು ಮುಚ್ಚಿಕೊಂಡೇ ಅವರು ಮಂಗಳಾರತಿ ಮುಗಿಸಿದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಗು ತಡೆದೆ. ಆದರೆ ಆ ದಿನ ನನ್ನ ಮನಸ್ಸಿನಲ್ಲಿ ನಗುವಿನ ಕೆಳಗೆ ಬೇರೊಂದು ಇತ್ತು. ಅದನ್ನು ಹೇಳದೆ ಈ ಕಾರಿನ ಕಥೆ ಮುಂದೆ ಹೋಗುವುದಿಲ್ಲ.

ಈ ಕಾರು ಬಂದದ್ದು ನಮ್ಮ ಊರು ಬಂಡ್ರಿಯಲ್ಲಿದ್ದ ಹೊಲದ ದುಡ್ಡಿನಿಂದ. ಅದಿರು ಗುಡ್ಡೆ ಹಾಕಲು ಜಾಗ ಹುಡುಕುತ್ತಿದ್ದವರು ಆ ಹೊಲವನ್ನು ಸ್ಟಾಕ್ ಯಾರ್ಡಿಗೆ ಕೇಳಿದರು, ಇವರು ಕೊಟ್ಟರು. ನನಗೆ ಗೊತ್ತಾಗಿದ್ದು ಕಾರು ಬಾಗಿಲಿಗೆ ಬಂದ ಮೇಲೆ. ಮದುವೆಯಾದ ಹೊಸತರಲ್ಲಿ ನಾವು ಬಂಡ್ರಿಯಲ್ಲೇ ಇದ್ದೆವು. ನಮಗೆ ಅಲ್ಲೊಂದು ಹೆಣ್ಣು ಕೂಸು ಹುಟ್ಟಿತ್ತು, ಪಾರ್ವತಿ. ಪಾರಿ ಎನ್ನುತ್ತಿದ್ದೆವು. ಆಗಷ್ಟೇ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಜ್ವರ ಬಂತು, ಹೋದಳು. ನಮ್ಮಲ್ಲಿ ಮಣ್ಣು ಮಾಡುತ್ತಾರೆ. ಹೊಲದ ಮೂಲೆಯ ಬೇವಿನ ಮರದ ಕೆಳಗೆ ಅವಳನ್ನು ಮಲಗಿಸಿ ಬಂದರು. ಹೆಸರು ಹಿಡಿದು ಅಳಬೇಡ, ಮುಂದೆ ಹುಟ್ಟುವ ಕೂಸುಗಳಿಗೆ ಒಳ್ಳೆಯದಲ್ಲ ಎಂದರು ಅತ್ತೆ. ಮುಂದೆ ಎರಡು ಹುಟ್ಟಿದವು, ಶಿವನ ದಯೆಯಿಂದ ಚೆನ್ನಾಗಿವೆ. ಆದರೆ ಅತ್ತೆಯ ಮಾತು ಹಾಗೇ ನಿಂತುಬಿಟ್ಟಿತು. ಅಂದಿನಿಂದ ಪಾರಿಯ ಹೆಸರನ್ನು ನಾನೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ಪ್ರತಿ ಶ್ರಾವಣದಲ್ಲಿ ಊರ ದೇವರಿಗೆ ಕಾಯಿ ಒಡೆಸುವ ನೆಪದಲ್ಲಿ ನಾನೊಬ್ಬಳೇ ಬಂಡ್ರಿಯ ಬಸ್ಸು ಹತ್ತಿ, ಬೇವಿನ ಬುಡಕ್ಕೆ ಒಂದು ಚೊಂಬು ನೀರು ಹಾಕಿ, ಸ್ವಲ್ಪ ಸಕ್ಕರೆ ಉದುರಿಸಿ ಬರುತ್ತಿದ್ದೆ. ಇರುವೆಗಳು ತಿನ್ನುತ್ತಿದ್ದವು. ಯಾರು ತಿಂದರೇನು ಎಂದುಕೊಳ್ಳುತ್ತಿದ್ದೆ.

ಹೊಲ ಕೊಟ್ಟದ್ದಕ್ಕೆ ನನ್ನ ತಕರಾರಿರಲಿಲ್ಲ. ಎಲ್ಲರೂ ಕೊಡುತ್ತಿದ್ದರು. ಆ ಮೂಲೆಯೊಂದನ್ನು ಬಿಡಿಸಿಕೊಳ್ಳಿ ಎಂದು ಕೇಳಬೇಕಿತ್ತು, ಅಷ್ಟೇ. ಮನೆಯಲ್ಲಿ ಬಾಯಿ ಬರಲಿಲ್ಲ. ಆ ಜೀಪಿನಲ್ಲಾಗಿದ್ದರೆ ಕೇಳುವ ಮಾತೇ ಇರಲಿಲ್ಲ, ಅಂಥ ಮಾತನ್ನು ಯಾವ ತಾಯಿ ಕಿರುಚಿ ಹೇಳುತ್ತಾಳೆ? ಹಂಪಿಯಿಂದ ಬರುವಾಗ ಕಮಲಾಪುರದ ಕೆರೆಯ ದಂಡೆಯಲ್ಲಿ ಎತ್ತಿನ ಬಂಡಿಗಳು ಅಡ್ಡ ಬಂದವು. ಕಾರು ನಿಂತಿತು, ಎಂಜಿನ್ನು ಆರಿತು. ಆ ನಿಶ್ಶಬ್ದದಲ್ಲಿ, ದೇವರೇ ಈ ಗಾಡಿಯನ್ನು ನನ್ನ ಮಾತಿಗೆಂದೇ ಸುಮ್ಮನಿರಿಸಿದ್ದಾನೆ ಎಂದು ನನಗೆ ಅನಿಸಿತು. ಕೈಯಲ್ಲಿದ್ದ ಪ್ರಸಾದದ ಹೂವನ್ನು ನೋಡುತ್ತ, ಮೆಲ್ಲಗೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಅವಳ ಹೆಸರು ಹೇಳಿದೆ. ಆ ಮೂಲೆಯನ್ನು ಬಿಡಲು ಹೇಳಿರಿ ಎಂದೆ. ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ತುಂಬಿದ್ದವು. ಯಜಮಾನರು ಮುಂದಿದ್ದ ಪುಟ್ಟ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

“ಇಲ್ನೋಡು, ಬ್ಯಾಟರಿ ಭಾಳ ತುಂಬೇತಿ! ಈ ಹಸರ ಗೆರಿ ನೋಡು!”

ನಾನು ಹಸಿರು ಗೆರೆ ನೋಡಿದೆ.

ಆಮೇಲೆ ನನ್ನ ದಿನಗಳು ಹೇಗೆ ಕಳೆದವು ಎಂದು ಹೇಳಲು ನಾಚಿಕೆಯಾಗುತ್ತದೆ. ಇದೂ ಒಂದು ಉತ್ತರವೇ ಎಂದುಕೊಂಡೆ. ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಲಾರದೆ ಮಾತು ಮರೆಸಿದರು. ದುಡ್ಡು ಕಂಡ ಗಂಡಸು ಹೆತ್ತ ಕೂಸನ್ನೂ ಗೆರೆ ಎಳೆದು ಬಿಟ್ಟ ಎಂದುಕೊಂಡೆ. ಜಗಳವಾಡಲು ನನಗೆ ಬರುವುದಿಲ್ಲ, ಅಡುಗೆಯಲ್ಲಿ ಸಿಟ್ಟು ತೋರಿಸಿದೆ. ಅವರಿಗೆ ಆಗದ ಹಾಗಲಕಾಯಿ ಪಲ್ಯವನ್ನು ವಾರದಲ್ಲಿ ಎಷ್ಟು ಸಲ ಮಾಡಿದೆನೋ. ಅವರು ಬೆಲ್ಲ ನಂಚಿಕೊಂಡು ತಿಂದು ಎದ್ದರು. ಬೆನ್ನ ಹಿಂದೆ ನಿಂತು, ನಿಮಗೆ ಕಲ್ಲಿನ ಹೃದಯ ಎಂದೆ. ಅದಕ್ಕೂ ತಿರುಗಲಿಲ್ಲ. ಆ ಶ್ರಾವಣದಲ್ಲಿ ಬಂಡ್ರಿಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಹೋಗಿ ಏನನ್ನು ನೋಡಬೇಕಾಗುತ್ತದೋ ಎಂಬ ಹೆದರಿಕೆ. ನೋಡದಿದ್ದರೆ ಮರ ಇನ್ನೂ ಇದೆ ಎಂದಾದರೂ ಇಟ್ಟುಕೊಳ್ಳಬಹುದಲ್ಲ.

ಆಗ ಬಂದಳು ಶಾಂತಕ್ಕ. ಯಜಮಾನರ ತಂಗಿ, ಕಂಪ್ಲಿಯ ಅಕ್ಕಿ ಗಿರಣಿಯ ಮನೆಗೆ ಕೊಟ್ಟವಳು. ನಾಲ್ಕು ದಿನ ನಮ್ಮಲ್ಲಿದ್ದು, ಬಾಯಿತುಂಬ ಮಾತಾಡಿ, ಹೊರಟ ದಿನ ಅವಳನ್ನು ಹೊಸ ಕಾರಿನಲ್ಲೇ ಬಿಟ್ಟುಬರಲು ಹೋದೆವು. ಹಿಂದಿನ ಸೀಟಿನಲ್ಲಿ ಕೂತು, ಗಿರಣಿಯ ಸುದ್ದಿ, ಬೀಗರ ಸುದ್ದಿ ಎಲ್ಲ ಹೇಳುತ್ತ ಇದ್ದವಳು ಅಣ್ಣನ ತಲೆಯ ಹಿಂಭಾಗವನ್ನೇ ದಿಟ್ಟಿಸಿ ನೋಡಿದಳು. ಆಮೇಲೆ ಸಾದಾ ದನಿಯಲ್ಲಿ,

“ಅಣ್ಣಾ, ನಿನ್ನ ಅಂಗಿಗೆ ಬೆಂಕಿ ಹತ್ತೇತಿ” ಎಂದಳು.

ನಾನು ಗಾಬರಿಯಾಗಿ ಅವರ ಅಂಗಿ ನೋಡಿದೆ. ಬೆಂಕಿ ಇರಲಿಲ್ಲ. ಯಜಮಾನರು ನೆಮ್ಮದಿಯಿಂದ ರಸ್ತೆ ನೋಡುತ್ತಿದ್ದರು.

“ಅಣ್ಣಾ, ದರೋಜಿ ಕಾಡಿನ ಕರಡಿ ನಿನಗಿಂತ ಚಲೋ ಕಾಣತೈತಿ.”

ಅವರು ಕನ್ನಡಿಯಲ್ಲಿ ತಂಗಿಯ ತುಟಿ ಆಡಿದ್ದನ್ನು ಕಂಡು ಪ್ರೀತಿಯಿಂದ ನಕ್ಕು “ಹೂಂ” ಎಂದರು.

ಶಾಂತಕ್ಕ ನನ್ನ ಭುಜ ಹಿಡಿದಳು. “ವೈನೀ, ಅಣ್ಣಗ ಕಿವಿ ಹೋಗ್ಯಾವ.”

“ಏನಂತೀ?”

“ನಮ್ಮ ಮನ್ಯಾಗ ಮಾವ ಹಿಂಗ, ಮೈದುನ ಹಿಂಗ, ಗಿರಣಿ ಸದ್ದಿಗೆ ಎಲ್ಲಾರವೂ ಹೋಗ್ಯಾವ. ಎದುರಿಗೆ ನಿಂತು ಹೇಳಿದ್ರ ಬಾಯಿ ನೋಡಿ ತಿಳ್ಕೊತಾರ. ಮಗ್ಗಲಾಗ ಕುಂತು ಹೇಳಿದ್ರ ಗ್ವಾಡಿಗೆ ಹೇಳಿದಂಗ. ಇಷ್ಟ ವರ್ಷ ಒಂದ ಹಾಸಿಗಿ ಮ್ಯಾಲ ಮಲಗೀರಿ, ನಿನಗ ಗೊತ್ತಾಗ್ಲಿಲ್ಲೇನ ಮಹರಾಯ್ತಿ?”

ಗೊತ್ತಾಗಿರಲಿಲ್ಲ. ಹೇಗೆ ಗೊತ್ತಾಗಬೇಕು? ಜೀಪಿನಲ್ಲಿ ಇಬ್ಬರೂ ಕಿರುಚುತ್ತಿದ್ದೆವು. ಮನೆಯಲ್ಲಿ ನಾನು ತಾಟು ಮುಂದಿಟ್ಟು, ಮುಖ ನೋಡಿ ಮಾತಾಡುತ್ತಿದ್ದೆ. ಟಿವಿಯ ದನಿ ಓಣಿಗೆಲ್ಲ ಕೇಳುತ್ತಿದ್ದರೆ, ಕ್ರಷರಿನವರಿಗೆ ಗದ್ದಲವೇ ಹಿತ ಎಂದುಕೊಂಡಿದ್ದೆ. ಹೂಂ ಎಂದದ್ದನ್ನೆಲ್ಲ ಒಪ್ಪಿಗೆ ಎಂದು ತಿಳಿದು ನನ್ನ ಅರ್ಧ ಸಂಸಾರ ನಡೆಸಿದ್ದೆ. ಈ ಮೂಕ ಕಾರು ಬಾರದಿದ್ದರೆ ನನ್ನ ಗಂಡ ಕಿವುಡನೆಂದು ತಿಳಿಯದೆಯೇ ನಾನು ಮುತ್ತೈದೆಯಾಗಿ ಕಣ್ಣು ಮುಚ್ಚುತ್ತಿದ್ದೆನೋ ಏನೋ.

ಕಂಪ್ಲಿಯಲ್ಲಿ ಶಾಂತಕ್ಕ ಅಣ್ಣನನ್ನು ಎದುರಿಗೆ ಕೂಡಿಸಿಕೊಂಡು, ಬಳ್ಳಾರಿಯ ಕಿವಿ ಡಾಕ್ಟರರಿಗೆ ತೋರಿಸು ಎಂದಳು. ಅವರಿಗೆ ಸಿಟ್ಟು ಬಂತು. “ನನಗೇನಾಗೇತಿ? ನೀವ ಹೆಣ್ಮಕ್ಳು ಬಾಯಾಗ ಎಲಿಅಡಕಿ ಇಟ್ಕೊಂಡು ಮಾತಾಡ್ತೀರಿ. ಬಾಯಿ ಸ್ವಚ್ಛ ಮಾಡ್ಕೊಂಡು ಹೇಳ್ರಿ, ಎಲ್ಲಾ ಕೇಳತೈತಿ!” ಎಂದು ಎದ್ದುಬಿಟ್ಟರು. ಶಾಂತಕ್ಕ ಬಾಗಿಲತನಕ ಬಂದು ನನ್ನ ಕೈ ಅದುಮಿ, “ಗಟ್ಟಿ ಹೇಳ್ ವೈನಿ. ನಾಚ್ಕೋಬ್ಯಾಡ” ಎಂದಳು. ಅವಳಿಗೆ ಪಾರಿಯ ವಿಷಯವೇನೂ ನಾನು ಹೇಳಿರಲಿಲ್ಲ. ಆದರೂ ನನ್ನೊಳಗೆ ಒಂದು ದೀಪ ಹತ್ತಿದ ಹಾಗಾಯಿತು. ಆ ದಿನ ಅವರು ನನ್ನ ಮಾತನ್ನು ತಳ್ಳಿಹಾಕಿರಲಿಲ್ಲ. ಕೇಳಿಸಿಕೊಂಡಿರಲೇ ಇಲ್ಲ. ಹಾಗಾದರೆ ಮೂಲೆ ಇನ್ನೂ ಉಳಿಯಬಹುದು. ಬಿಡಲು ಹೇಳಿ ಎಂದರೆ ಹೇಳಿಯಾರು. ಇಷ್ಟು ದಿನ ಹಾಗಲಕಾಯಿ ತಿನ್ನಿಸಿದ್ದಕ್ಕೆ ನನ್ನನ್ನೇ ಬೈದುಕೊಂಡೆ.

ಹೊಸಪೇಟೆ ಮುಟ್ಟುವ ಮೊದಲು ರೈಲ್ವೆ ಗೇಟು ಹಾಕಿತ್ತು. ಅದಿರಿನ ಗೂಡ್ಸು ಬರುವುದಿತ್ತು. ಅದು ಯಾವಾಗ ಬರುತ್ತದೆ ಎಂದು ಕೇಳುವ ರೂಢಿ ನಮ್ಮಲ್ಲಿ ಯಾರಿಗೂ ಇಲ್ಲ. ಹಿಂದೆ ಮುಂದೆ ಲಾರಿ, ಟ್ರ್ಯಾಕ್ಟರು, ಮೋಟರ್ ಸೈಕಲ್ಲು. ಡೀಸೆಲ್ಲು ಯಾಕೆ ದಂಡ ಎಂದು ಒಬ್ಬೊಬ್ಬರೇ ಎಂಜಿನ್ನು ಆರಿಸಿದರು. ನಮ್ಮದು ಹೇಗೂ ತಾನೇ ಆರಿತು. ಎಂಜಿನ್ನು ಆರಿದರೆ ಒಳಗಿನ ತಂಪೂ ಇಳಿಯುತ್ತದೆ, ಅದಕ್ಕೆ ಕಿಟಕಿ ಗಾಜು ಇಳಿಸಿದೆವು. ಸೌತೆಕಾಯಿ ಮಾರುವವಳು ಬುಟ್ಟಿ ಹೊತ್ತು ಬಂದು ನನ್ನ ಕಿಟಕಿಯಲ್ಲಿ ನಿಂತಳು. ಯಜಮಾನರು ಗೇಟಿನ ಕಡೆ ಮುಖ ಮಾಡಿ ಕೂತಿದ್ದರು. ಇಲ್ಲಿ ಹೇಳದಿದ್ದರೆ ಇನ್ನೆಲ್ಲೂ ಹೇಳಲಾರೆ ಎನಿಸಿತು. “ರೀ!” ಎಂದು ಕೂಗಿದೆ. ಅವರು ತಿರುಗಿದರು. ಮುಖ ನೋಡುತ್ತಿದ್ದಾರೆ, ಇನ್ನು ಮೆಲ್ಲಗೆ ಹೇಳಿದರೂ ಸಾಕು ಎಂದು ಹೊಳೆಯಬೇಕಿತ್ತು. ಏರಿದ ದನಿ ಇಳಿಯಲಿಲ್ಲ.

“ಬಂಡ್ರಿ ಹೊಲ್ದಾಗ ಬೇವಿನ ಗಿಡದ ಮೂಲಿ ಬಿಡಾಕ ಹೇಳ್ರಿ! ನಮ್ಮ ಪಾರಿ ಅಲ್ಲಿ ಮಲಗ್ಯಾಳ! ಅಕಿ ಮ್ಯಾಲ ಅದಿರು ಸುರೀಬ್ಯಾಡ್ರಿ ಅಂತ ಹೇಳ್ರಿ!”

ಮೋಟರ್ ಸೈಕಲ್ಲಿನವರೆಲ್ಲ ನಮ್ಮ ಕಡೆ ತಿರುಗಿದ್ದರು. ಸೌತೆಕಾಯಿಯವಳು ಚಾಚಿದ ಕೈ ಚಾಚಿದ ಹಾಗೇ ನಿಂತಿದ್ದಳು. ಪಕ್ಕದ ಲಾರಿಯ ಡ್ರೈವರು ಮೇಲಿನಿಂದ ಬಗ್ಗಿ, “ಏನ್ರೀ ಅಣ್ಣಾರ, ಅಕ್ಕಾರು ಅಳಾಕತ್ತಾರ, ಏನರ ಹೇಳ್ರಲ್ಲ” ಎಂದ.

ಯಜಮಾನರು ಅವನ ಮಾತು ಕೇಳಿಸಿಕೊಳ್ಳಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಆಮೇಲೆ ಅವರೂ ಮಾತಾಡಿದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ತಿಳಿಯುವುದಿಲ್ಲ. ನನ್ನೊಬ್ಬಳಿಗೆ ಹೇಳುತ್ತಿದ್ದೇನೆ ಎಂದುಕೊಂಡು ಗೇಟಿಗೆಲ್ಲ ಹೇಳಿದರು.

“ಹೇಳಿದ್ದೆ! ಡೋಜರ್ ತಂದ ದಿನ ನಾನ ಹೋಗಿ ನಿಂತಿದ್ದೆ. ಆ ಗಿಡ ಮುಟ್ಟಬ್ಯಾಡ್ರಿ, ಆ ಮೂಲಿ ಬಿಡ್ರಿ ಅಂದೆ. ಡೋಜರ್ ಮ್ಯಾಲಿನವ ಏನೋ ಅಂದ. ಏನಂದ ನನಗ ಕೇಳಲಿಲ್ಲ. ನಾ ಹೂಂ ಅಂದೆ. ಆತು ಅಂದಿರಬೇಕು ಅಂತ ತಿಳ್ಕೊಂಡು ಬಂದಬಿಟ್ಟೆ. ಮರುದಿನ ಹೋದ್ರ ಗಿಡ ಇರಲಿಲ್ಲ. ನೀನ ಹೂಂ ಅಂದಿಯಲ್ಲೋ ಯಜಮಾನಾ ಅಂದ್ರು.”

ಸೌತೆಕಾಯಿಯವಳು ಬುಟ್ಟಿ ಇಳಿಸಿ ನೆಲದ ಮೇಲಿಟ್ಟಳು.

“ನನಗ್ಯಾಕ ಹೇಳ್ಲಿಲ್ಲ?” ಎಂದೆ. ಈ ಸಲ ದನಿಯೇ ಹೊರಡಲಿಲ್ಲ. ಅವರು ತುಟಿ ನೋಡಿ ತಿಳಿದುಕೊಂಡರು.

“ನೀ ಅಕಿ ಹೆಸರ ತಗೀತಿರಲಿಲ್ಲ. ಮರ್ತಾಳ, ಆರಾಮಿದ್ದಾಳ, ನಾ ಯಾಕ ಪಾರಿನ್ನ ನೆನಪ ಮಾಡಿಕೊಡ್ಲಿ ಅಂತ ಸುಮ್ಮನಿದ್ದೆ.”

ಮುಂದೆ ಮಾತಿಗೆ ಎಡೆಯಿಲ್ಲದ ಹಾಗೆ ಗೂಡ್ಸು ಬಂತು. ಡಬ್ಬಿಯ ಹಿಂದೆ ಡಬ್ಬಿ, ಎಲ್ಲದರ ಮೇಲೂ ಕೆಂಪು ಗುಡ್ಡೆ. ಅದರಲ್ಲಿ ನಮ್ಮ ಹೊಲದ ಮೇಲೆ ಸುರಿದದ್ದೂ ಇತ್ತೇನೋ, ಯಾರಿಗೆ ಗೊತ್ತು. ನನ್ನ ಗಂಡ ಸ್ಟೀರಿಂಗಿನ ಮೇಲೆ ಹಣೆಯಿಟ್ಟುಕೊಂಡರು. ಅವರ ಬೆನ್ನು ಅಲುಗುತ್ತಿತ್ತು. ಕೂಸು ಹೋದ ದಿನವೂ ನಾನು ಅದನ್ನು ನೋಡಿರಲಿಲ್ಲ. ಮರ ಹೋಯಿತು, ನೀರು ಹಾಕಲು ನನಗೆ ಇನ್ನು ಜಾಗವಿಲ್ಲ. ಆದರೆ ಈ ಮನುಷ್ಯ ಆ ಡೋಜರಿನ ಮುಂದೆ ಹೋಗಿ ನಿಂತಿದ್ದ. ಕೇಳದ ಕಿವಿ ಇಟ್ಟುಕೊಂಡು ನಿಂತಿದ್ದ. ಶಿವ ನನ್ನ ಕೈಯಲ್ಲಿ ಇಟ್ಟದ್ದು ಇಷ್ಟು. ಇಷ್ಟನ್ನಾದರೂ ಇಟ್ಟನಲ್ಲ ಎಂದು ಅವರ ಬೆನ್ನ ಮೇಲೆ ಕೈಯಿಟ್ಟೆ.

ಗೂಡ್ಸು ಹೋಯಿತು, ಗೇಟು ಎದ್ದಿತು. ಮುಂದಿನವರು ಹೊರಟರು. ಲಾರಿ ಡ್ರೈವರು ನಮ್ಮ ಕಡೆ ಒಮ್ಮೆ ನೋಡಿ, ಕಣ್ಣೊರೆಸಿಕೊಂಡನೋ ಧೂಳೊರೆಸಿಕೊಂಡನೋ, ಹೊರಟುಹೋದ. ನಮ್ಮ ಹಿಂದೆ ನಿಂತವರು ಹಾರ್ನು ಹೊಡೆಯತೊಡಗಿದರು. ಮೊದಲು ಒಬ್ಬ, ಆಮೇಲೆ ಹತ್ತು ಜನ, ಆಮೇಲೆ ಟ್ರ್ಯಾಕ್ಟರಿನವನೂ ಇಳಿದು ಬಂದು ಬೈಯತೊಡಗಿದ. ಯಜಮಾನರು ತಲೆ ಎತ್ತಲಿಲ್ಲ, ಅವರಿಗೆ ಒಂದೂ ಕೇಳಿಸಿದಂತಿರಲಿಲ್ಲ. ಭುಜ ತಟ್ಟಿ, ಗೇಟು ತೆಗೆದಾರ, ಹೊರಡ್ರಿ ಎಂದು ಹೇಳಬೇಕಾದವಳು ನಾನು. ನಾನೂ ಹೇಳಲಿಲ್ಲ. ಯಾರಾದರೂ ಕೇಳಿದರೆ, ಆ ಹೊತ್ತಿಗೆ ನನ್ನ ಕಿವಿಯೂ ಸ್ವಲ್ಪ ಮಂದವಾಗಿತ್ತು ಎಂದು ಹೇಳಿಬಿಡಿ.